ಕಲ್ಲು ಮೂಸುವ ಸೋದರಮಾವ

ನನ್ನ ಸೋದರಮಾವನ ಉದ್ಯೋಗ ಕಲ್ಲು ಮೂಸುವುದಾಗಿತ್ತು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಹೆಣ್ಣು ಕೊಟ್ಟವರೂ ಮದುವೆಯಾದ ಮೇಲೆಯೇ ನಂಬಿದ್ದು. ತೈಲ ಕಂಪನಿಯ ಉಗ್ರಾಣದಲ್ಲಿ, ಭೂಮಿಯ ಆಳದಿಂದ ಕೊರೆದು ತಂದ ಕಲ್ಲಿನ ಕಂಬಗಳನ್ನು ಗರಗಸದಲ್ಲಿ ಸೀಳಿ, ಹೊಸ ಸೀಳನ್ನು ಮೂಗಿಗೆ ಹಿಡಿದು, ಎಣ್ಣೆ ವಾಸನೆ ಇದೆಯೋ ಇಲ್ಲವೋ ಹೇಳಬೇಕು. ಅಷ್ಟೇ.

ಆ ಕಲ್ಲೆಲ್ಲ ಒಂದಾನೊಂದು ಕಾಲದ ಸರೋವರದ ಕೆಸರು. ಮಳೆ ಚೆನ್ನಾಗಿ ಬಂದ ಯುಗಗಳಲ್ಲಿ ನೀರು ಆಳವಾಗಿ, ತಳಕ್ಕೆ ಗಾಳಿಯಾಡದೆ, ಸತ್ತುಬಿದ್ದ ಪಾಚಿ ಕೊಳೆಯದೆ ಉಳಿಯಿತು. ಅದು ಕಪ್ಪು ಪದರ. ನೆಲದಡಿ ಬೆಂದರೆ ಎಣ್ಣೆಯಾಗುವುದು ಅದೇ. ಮಳೆ ಕೈಕೊಟ್ಟ ಯುಗಗಳಲ್ಲಿ ನೀರು ಬತ್ತಿ, ಇದ್ದಬದ್ದ ಪಾಚಿಯೂ ಕೊಳೆತುಹೋಯಿತು. ಅದು ಬಿಳಿಚಿದ ಪದರ, ಕೆಲಸಕ್ಕೆ ಬಾರದ್ದು. ಅಷ್ಟು ಕಾಲದ ಹವಾಮಾನವನ್ನು ಮಾವ "ಇದೆ", "ಇಲ್ಲ" ಎಂದು ಮುಗಿಸುತ್ತಿದ್ದ. ಜಂಬ ಮಾತ್ರ ಹೇಳತೀರದು.

ಹೋದ ವರ್ಷ ಜ್ವರ ಬಂದು ಮಾವನಿಗೆ ವಾಸನೆಯೇ ಹೊರಟುಹೋಯಿತು. ಹಾಲು ತಳಹಿಡಿಯುತ್ತಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದವನನ್ನು ನೋಡಿ ಅತ್ತೆಗೆ ಗೊತ್ತಾಯಿತು.

"ಯಾರಿಗೂ ಹೇಳ್ಬೇಡ ಕಣೆ, ಗೇಟ್ ಕಾಯೋಕೆ ಹಾಕ್ಬಿಡ್ತಾರೆ" ಎಂದ.

ಅಲ್ಲಿಂದ ಮುಂದೆ ಬಣ್ಣ ನೋಡಿಯೇ ಕಾರುಬಾರು. ಕಪ್ಪಾದರೆ ಇದೆ, ಬಿಳಿಯಾದರೆ ಇಲ್ಲ. ಮೂಸುವ ನಾಟಕ ಮೊದಲಿಗಿಂತ ಜೋರಾಯಿತು. ಕಣ್ಣು ಬೇರೆ ಮುಚ್ಚುತ್ತಿದ್ದ.

ಒಂದು ದಿನ ಕಡುಗಪ್ಪು ಕಲ್ಲು ಬಂತು. "ಘಮ್ ಅಂತಿದೆ ಮೇಡಂ" ಎಂದುಬಿಟ್ಟ. ಭೂವಿಜ್ಞಾನಿ ಮೇಡಂ ತಾವೂ ಮೂಸಿದರು. ಏನೂ ಇರಲಿಲ್ಲ. ಯಾವ ಕಾಲದಲ್ಲೋ ಪಕ್ಕದಲ್ಲೇ ಕರಗಿದ ಬಂಡೆ ನುಗ್ಗಿ ಆ ಪದರವನ್ನು ಹುರಿದುಹಾಕಿತ್ತು. ಎಣ್ಣೆ ಹೋಗಿ ಕಪ್ಪಷ್ಟೇ ಉಳಿದಿತ್ತು.

ಮಾವ ಗರಗಸ ನಿಲ್ಲಿಸಿ ನಿಜ ಹೇಳಿದ.

"ಅದಕ್ಯಾಕೆ ಇಷ್ಟು ಬೆವರ್ತೀರಾ?" ಎಂದರು ಮೇಡಂ. "ವಾಸನೆ ಎಲ್ಲ ಸುಮ್ನೆ ಒಂದು ರೂಢಿ. ಲೆಕ್ಕಕ್ಕೆ ತಗೊಳ್ಳೋದು ಲ್ಯಾಬ್ ಮಷಿನ್ ಹೇಳಿದ್ದು ಮಾತ್ರ, ನೀವು ಸೇರೋಕೆ ಮುಂಚಿಂದಲೂ. ನಮಗೆ ಬೇಕಾಗಿರೋದು ನಿಮ್ಮ ಕೈ. ಸೀಳಿ."

ಮಾವ ಮನೆಗೆ ಬಂದು ಕೆಲಸ ಉಳಿಯಿತು ಎಂದಾಗ ಅತ್ತೆಗೆ ಹೋದ ಜೀವ ಬಂದಂತಾಯಿತು. ಮಾವ ಶೂ ಕೂಡ ಬಿಚ್ಚದೆ ಕೂತು ಅಳುತ್ತಿದ್ದ. ಅವನು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು, ನನಗೂ ಸಂಕಟವಾಯಿತು.

"ಉಳೀತಲ್ಲ, ಮತ್ಯಾಕೆ ಅಳ್ತೀರಿ?" ಎಂದಳು ಅತ್ತೆ.

"ಇಷ್ಟು ವರ್ಷ ನಾನು ಹೇಳಿದ್ದನ್ನ ಯಾರೂ ಕೇಳಿಸ್ಕೊಳ್ತಾನೇ ಇರ್ಲಿಲ್ವಂತೆ ಕಣೆ."