ಅಪ್ಪನ ಪಾಲಿನ ಬರ್ಬನ್

ಇಷ್ಟೊಂದು ಮರಗಳು, ಒಂದಕ್ಕಾದರೂ ಮಡಕೆ ಕಟ್ಟಿಲ್ಲವಲ್ಲ! ಒಮಾನಿಗೆ ಬಂದ ಹೊಸದರಲ್ಲಿ ಕಂಪೆನಿಯ ವ್ಯಾನಿನಲ್ಲಿ ಸುವೈಕ್‌ಗೆ ಹೋಗುವಾಗ ಎರಡೂ ಬದಿಯ ಖರ್ಜೂರದ ತೋಟ ನೋಡಿ ನಾನು ಬಾಯಿಬಿಟ್ಟು ಕುಳಿತಿದ್ದೆ. ನನ್ನಪ್ಪ ಮುಲ್ಕಿ ಕಡೆಯ ಮೂರ್ತೆದಾರ, ಅಂದರೆ ಮರ ಹತ್ತಿ ಕಳ್ಳು ಇಳಿಸುವವರು. ಅವರ ಮಗನ ಕಣ್ಣಿಗೆ ಬೇರೇನು ಕಂಡೀತು?

ಇಲ್ಲಿ ಕಳ್ಳಿನ ಮಾತೇ ಇಲ್ಲ. ಬೇರೆ ಮದ್ಯ ಕೊಳ್ಳಲು ಪೊಲೀಸರ ಪರವಾನಗಿ ಬೇಕು, ಅದಕ್ಕೆ ಕಫೀಲ್, ಅಂದರೆ ನಮ್ಮನ್ನು ಕರೆಸಿಕೊಂಡ ಮಾಲೀಕ, ಒಪ್ಪಬೇಕು. ನನ್ನಂಥ ಸಣ್ಣ ಸಂಬಳದ ಸ್ಟೋರ್‌ಕೀಪರನಿಗೆ ಅದು ಕೈಗೆಟುಕದ್ದು. ಅಪ್ಪ ತೀರಿಕೊಳ್ಳುವವರೆಗೆ ನನಗದರ ಚಿಂತೆಯೂ ಇರಲಿಲ್ಲ.

ಅವರು ಹೋದ ಮೇಲಿನ ಮೊದಲ ಆಟಿ, ಅಂದರೆ ತುಳುವರ ಮಳೆಗಾಲದ ತಿಂಗಳು, ಬಂತು. ಆಟಿಯಲ್ಲಿ ನಮ್ಮವರು ತೀರಿಹೋದ ಹಿರಿಯರಿಗೆ ಕೋಳಿಸಾರು, ಕೋರಿರೊಟ್ಟಿಯೆಂಬ ಗರಿಗರಿ ಒಣ ಅಕ್ಕಿರೊಟ್ಟಿ, ಕಳ್ಳು ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ನನಗೆ ರಜೆ ಸಿಗಲಿಲ್ಲ.

"ಮಗನೇ ಬಡಿಸ್ಬೇಕು. ನೀನು ಇದ್ದಲ್ಲಿಗೆ ಬರ್ತಾರೆ ಅವ್ರು," ಎಂದರು ಅಮ್ಮ ಫೋನಿನಲ್ಲಿ. "ಬರೀ ನೀರು ಇಟ್ಟು ಕಳಿಸ್ಬೇಡ ಮಾರಾಯ. ಜೀವಮಾನ ಇಡೀ ಊರಿಗೆ ಕುಡಿಸಿದ ಜನ."

ಆ ಮಾತು ಎದೆಗೆ ನಾಟಿತು. ಮರುದಿನ ಊಟ ಸೇರದೆ ಕುಳಿತವನನ್ನು ಡೇಲ್ ಏನಾಯಿತೆಂದು ಕೇಳಿದ. ರುಸೈಲಿನ ನಮ್ಮ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಬಂದಿದ್ದ ಡೇಲ್ ಅಮೆರಿಕದ ಕೆಂಟಕಿಯವನು. ಅವನ ಬಾಯಲ್ಲಿ ಸದಾ ಒಂದೇ ಪುರಾಣ, ಬರ್ಬನ್ ವಿಸ್ಕಿಯದು. ಹಿಂದೆ ಅವನ ಸೀಮೆಯ ರೈತರಿಗೆ ಮೆಕ್ಕೆಜೋಳ ಹೆಚ್ಚಾದಾಗ ಬೆಟ್ಟ ದಾಟಿಸಿ ಮಾರುವುದು ಕಷ್ಟವಾಗಿ, ಅದನ್ನು ಭಟ್ಟಿ ಇಳಿಸಿದರಂತೆ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೇ ಆ ಕೆಂಪು ಬಣ್ಣ, ಆ ಸಿಹಿ. ಅವರ ಸಂಸತ್ತೇ ಅದನ್ನು ದೇಶದ ಸೊತ್ತೆಂದು ಸಾರಿದೆಯಂತೆ. ನಮ್ಮ ಕಳ್ಳಿಗೆ ದಿಲ್ಲಿಯಲ್ಲಿ ಯಾರು ಹಾಗೆ ಎದ್ದು ನಿಂತಾರು? ಅಬಕಾರಿಯವರ ಜೀಪು ಕಂಡರೆ ಅಪ್ಪನೇ ಬೆವರುತ್ತಿದ್ದರು.

ನನ್ನ ಕಥೆ ಕೇಳಿ ಡೇಲ್ ನಗಲಿಲ್ಲ.

"ಬಾಟಲಿ ನಿನ್ನ ಕೈಗೆ ಕೊಡುವ ಹಾಗಿಲ್ಲ, ಕಾನೂನು," ಎಂದ. "ನಿನ್ನ ಅಪ್ಪನನ್ನೇ ನನ್ನ ಮನೆಗೆ ಕರೆದುಕೊಂಡು ಬಾ."

ಶುಕ್ರವಾರ ಅಲ್ ಹೈಲಿನ ಅವನ ಅಡುಗೆಮನೆಯಲ್ಲಿ ಕೋಳಿಸಾರು ಕುದಿಸಿದೆ. ಊರಿಂದ ತಂದ ಕೋರಿರೊಟ್ಟಿ ಮುರಿದು ಹಾಕಿದೆ. ಡೇಲ್ ಪರವಾನಗಿಯಲ್ಲಿ ಸಿಗುವ ತನ್ನ ಪಾಲಿನ ಬರ್ಬನ್ನನ್ನು ಲೋಟದ ತುಂಬ ಸುರಿದ. ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ಬಂದೆವು. ನೆತ್ತಿ ಸುಡುವ ಮಧ್ಯಾಹ್ನ. ಊರಲ್ಲಾದರೆ ಆಟಿಯ ಮಳೆಗೆ ಸೂರಿನಡಿ ಮುದುರಿ ನಿಂತಿರುತ್ತಿದ್ದೆವು. ಮನೆಯ ಯಜಮಾನ ಇಲ್ಲಿ ತನ್ನ ಮನೆಯ ಹೊರಗೇ ಬೆವರಿಳಿಸುತ್ತ ನಿಂತಿದ್ದ, ಒಳಗೆ ನನ್ನಪ್ಪ ಏಸಿಯಲ್ಲಿ!

"ಅವರಿಗೆ ಹಿಡಿಸೀತಾ?" ಎಂದ ಡೇಲ್, ಪಿಸುದನಿಯಲ್ಲಿ.

"ಕಳ್ಳಿನಷ್ಟು ಹುಳಿಯಿಲ್ಲ ಎಂದು ಬೈಯುತ್ತಾರೆ. ಆದರೆ ಉಳಿಸುವವರಲ್ಲ," ಎಂದೆ. ಹೇಳುತ್ತಲೇ ಅಳು ಬಂತು. ಅಪ್ಪ ಸತ್ತ ಮೇಲೆ ನಾನು ಅತ್ತದ್ದು ಅದೇ ಮೊದಲು. ಡೇಲ್ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ಹೇಳಿದ, ಪೀಪಾಯಿಯಲ್ಲಿಟ್ಟ ಬರ್ಬನ್ ವರ್ಷವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಅದನ್ನು ದೇವದೂತರ ಪಾಲೆಂದು ಬಿಟ್ಟುಬಿಡುತ್ತೇವೆ ಎಂದು. ನಾವು ಬಾಗಿಲು ತಟ್ಟಿ ಒಳಗೆ ಹೋದೆವು.

ಮುಂದಿನ ಆಟಿಗೆ ರಜೆ ಸಿಕ್ಕಿತು. ಅಷ್ಟರಲ್ಲಿ ಡೇಲ್ ಕೆಂಟಕಿಗೆ ಮರಳಿದ್ದ, ಅಲ್ ಹೈಲಿನ ಆ ಮನೆಗೆ ಬೇರೆ ಯಾರೋ ಬಂದಿದ್ದರು. ಊರಲ್ಲಿ ಅಪ್ಪನ ಎಲೆಯ ಮುಂದೆ ನೊರೆನೊರೆ ಕಳ್ಳಿಟ್ಟು, ಬಾಗಿಲೆಳೆದು, ಅಮ್ಮನ ಜೊತೆ ಮಳೆಯಲ್ಲಿ ನಿಂತೆ. ಎಲ್ಲವೂ ಇರಬೇಕಾದ ಹಾಗೆಯೇ ಇತ್ತು. ಆದರೂ ಮನಸ್ಸು ನಿಲ್ಲಲಿಲ್ಲ. ಹೋದ ವರ್ಷದ ರುಚಿ ನೆನಪಾಗಿ ಅಪ್ಪ ಅಲ್ ಹೈಲಿಗೇ ಹೋಗಿ, ಗುರುತಿಲ್ಲದವರ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರೆ?