ಕರ್ಪೂರ ತಾನೇ ಉರಿದು ಮುಗಿದ ಸಂಜೆ

ಪ್ರಾರ್ಥನೆ ಮಾಡಿದೆ, ತಲೆನೋವು ಹೋಯಿತು. ಪ್ರಾರ್ಥನೆ ಮಾಡಿದೆ, ಕಳೆದುಹೋಗಿದ್ದ ಬೀಗದ ಕೈ ಸಿಕ್ಕಿತು. ಇಂಥ ಮಾತುಗಳನ್ನು ಕೇಳುತ್ತಲೇ ಬೆಳೆದವಳು ನಾನು. ಮಧುಗಿರಿಯ ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿಯುವ ಮುಂಚೆ ಯಾರಾದರೊಬ್ಬರು ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಅಂದರೆ ಆ ವಾರ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಿಕೊಳ್ಳುವುದು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೇಳುತ್ತಿದ್ದರೆ, ಪಕ್ಕದಲ್ಲಿ ಕೂತ ನಾನು ಆ ತಲೆನೋವು ಹೇಗೂ ಸಂಜೆಯೊಳಗೆ ಹೋಗುತ್ತಿತ್ತಲ್ಲ ಎಂದು ಯೋಚಿಸುತ್ತಿದ್ದೆ. ದೇವರಿಲ್ಲ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಇದ್ದಾರೆ, ಆದರೆ ನಮ್ಮ ಬೀಗದ ಕೈ ಹುಡುಕಿಕೊಡುವಷ್ಟು ಪುರುಸೊತ್ತು ಅವರಿಗಿಲ್ಲ ಎಂದುಕೊಂಡು ಆರಾಮಾಗಿದ್ದೆ.

ನನ್ನ ಕೆಲಸವೂ ಇದಕ್ಕೆ ಸರಿಹೊಂದುವಂಥದ್ದೇ. ಪಶುಪಾಲನಾ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ದನ, ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು, ಗಾಯ ಕಟ್ಟುವುದು. ಹಳ್ಳಿಗಳಲ್ಲಿ ನನ್ನನ್ನು ಡಾಕ್ಟ್ರಮ್ಮ ಅನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ಕುರಿಯ ಹೊಟ್ಟೆ ಉಬ್ಬಿದರೆ ದೃಷ್ಟಿ ತಾಗಿದೆ ಎನ್ನುವವರಿಗೆ, ಅಲ್ಲಪ್ಪ, ಹಸಿ ಮೇವು ಜಾಸ್ತಿ ತಿಂದಿದೆ ಎಂದು ಹೇಳುವುದೇ ನನ್ನ ದಿನನಿತ್ಯದ ಪಾಡು. ಇಂಥವಳು ಈಗ ಒಂದು ಸಂಜೆಯ ವಿಷಯ ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆ ಕೆಲಸವಿತ್ತು. ಅಲ್ಲಿಯ ಒಂದು ಹಳ್ಳಿಯಲ್ಲಿ ಶಾಂತರಾಜ ಎಂಬ ಕುರಿಗಾಹಿಯಿದ್ದ. ಅವನ ಸ್ವಂತದ ಕುರಿಗಳು ಕಡಿಮೆ. ಊರಿನ ಹಲವು ಮನೆಗಳ ಕುರಿಗಳನ್ನು ಒಂದೇ ಮಂದೆ ಮಾಡಿಕೊಂಡು ಮೇಯಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ಹುಟ್ಟಿದ ಮರಿಗಳಲ್ಲಿ ಅವನಿಗೊಂದು ಪಾಲು. ಆ ಪಾಲಿನಲ್ಲೇ ಹೆಂಡತಿ ಸುಗುಣಮ್ಮ, ಇಬ್ಬರು ಮಕ್ಕಳು, ಎಲ್ಲರ ಜೀವನ ನಡೆಯಬೇಕು.

ಅವನು ನನ್ನ ಹಾಗೆ ಹುಟ್ಟಿನಿಂದ ಕ್ರೈಸ್ತನಲ್ಲ. ಅವನ ತಾಯಿ ಕಾಯಿಲೆ ಬಿದ್ದಿದ್ದಾಗ ಪಾವಗಡದ ಕಡೆಯ ಬೋಧಕರೊಬ್ಬರು ವಾರವಾರವೂ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರಂತೆ. ತಾಯಿ ಉಳಿಯಲಿಲ್ಲ. ಆದರೂ ಮಗ ಸೊಸೆ ಇಬ್ಬರೂ ಆ ನಂಬಿಕೆಯನ್ನು ಹಿಡಿದುಕೊಂಡರು. ಇದು ನನಗೆ ಅರ್ಥವಾಗದ ವಿಷಯ. ವಾಸಿಯಾಗಿ ನಂಬಿದವರನ್ನು ಬೇಕಾದಷ್ಟು ನೋಡಿದ್ದೆ, ಸತ್ತುಹೋದ ಮೇಲೆ ನಂಬಿದವರನ್ನಲ್ಲ. ಒಮ್ಮೆ ಕೇಳಿಯೂ ಬಿಟ್ಟೆ. ಅವನು ಕುರಿಯ ಕಾಲು ಹಿಡಿದುಕೊಂಡೇ, "ನಮ್ಮವ್ವ ಮೊದ್ಲು ಸಾವು ಅಂದ್ರೆ ನಡುಗೋಳು. ಹೋಗೋವಾಗ ಒಂಚೂರೂ ಹೆದರ್ಲಿಲ್ಲ ಕಣಮ್ಮ. ನಂಗೆ ಅಷ್ಟು ಸಾಕಾಯ್ತು" ಅಂದ.

ಊರಿನವರು ಕೆಟ್ಟವರೇನಲ್ಲ. ತಮಾಷೆಗೆ ಅವನನ್ನು ಪಾದ್ರಿ ಎಂದು ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅಣ್ಣತಮ್ಮಂದಿರು ಮಾತ್ರ ಮದುವೆಮನೆಗೆ ಕರೆಯುವುದನ್ನು ಬಿಟ್ಟಿದ್ದರು. ಸುಗುಣಮ್ಮನಿಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು, ನನ್ನ ಹತ್ತಿರ ಹೇಳಿಕೊಂಡು ಅತ್ತಿದ್ದೂ ಇದೆ. ಶಾಂತರಾಜ ಅದರ ಮಾತೇ ಎತ್ತುತ್ತಿರಲಿಲ್ಲ.

ಮಂದೆಯಲ್ಲಿ ಹನುಮಂತಪ್ಪನವರ ಒಂದು ಟಗರಿತ್ತು. ಹನುಮಂತಪ್ಪ ಊರಿನ ಹಿರಿಯರು, ನಾಲ್ಕು ಜನ ಮಾತು ಕೇಳುವಂಥವರು. ಮೊಮ್ಮಗನಿಗೆ ಹುಷಾರಿಲ್ಲದಿದ್ದಾಗ ಮನೆದೇವರಿಗೆ ಹರಕೆ ಹೊತ್ತು, ಆ ಟಗರನ್ನು ಮರಿಯಾಗಿದ್ದಾಗಲೇ ಮೀಸಲಿಟ್ಟಿದ್ದರು. ಹರಕೆ ತೀರಿಸುವ ದಿನ ಹತ್ತಿರ ಬಂದಿದ್ದಾಗ ಒಂದು ಸಂಜೆ ಮಂದೆ ವಾಪಸು ಬಂತು, ಟಗರು ಬರಲಿಲ್ಲ.

ಮಾರನೆಯ ಬೆಳಿಗ್ಗೆಯೂ ಹುಡುಕಿದರು, ಸಿಗಲಿಲ್ಲ. ಬೇರೆ ಯಾವ ಕುರಿ ಕಳೆದಿದ್ದರೂ ತೋಳವೋ ಚಿರತೆಯೋ ಎಂದು ಸುಮ್ಮನಾಗುತ್ತಿದ್ದರು. ಇದು ಹರಕೆಯ ಟಗರು, ಕಾಯುವವನು ಆ ದೇವರಿಗೆ ಕೈ ಮುಗಿಯದವನು. ಅವನಿಗೇನು ಭಯ, ಸಂತೆಗೆ ಹೊಡೆದಿರುತ್ತಾನೆ ಎಂದು ಯಾರೋ ಅಂದರು. ಒಬ್ಬರು ಅಂದದ್ದು ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು.

ಆ ಕಡೆಯ ಹಳ್ಳಿಗಳಲ್ಲಿ ಇಂಥದ್ದಕ್ಕೆ ಒಂದು ಪದ್ಧತಿಯಿದೆ. ಅನುಮಾನ ಬಂದವನ ಮುಂದೆ ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಾರೆ. ಅವನು ದೇವರ ಮೇಲೆ ಆಣೆಯಿಟ್ಟು, ನಾನು ತೆಗೆದುಕೊಂಡಿಲ್ಲ ಎಂದು ಹೇಳಿ ಅಂಗೈಯಿಂದ ಉರಿಯನ್ನು ಆರಿಸಬೇಕು. ಆರಿಸಿದರೆ ಅಲ್ಲಿಗೆ ಮಾತು ಮುಗಿಯಿತು, ಮತ್ತೆ ಯಾರೂ ಅವನನ್ನು ಕಳ್ಳ ಅನ್ನುವಂತಿಲ್ಲ. ಆರಿಸದಿದ್ದರೆ ಕಳ್ಳನೇ. ಪೊಲೀಸು ಕೋರ್ಟು ಎಂದು ಅಲೆಯುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನನಗೇ ಅನ್ನಿಸಿದ್ದಿದೆ. ಆದರೆ ನಮ್ಮಲ್ಲಿ ಆಣೆ ಇಡಲೇಬಾರದೆಂಬ ಬೋಧನೆಯಿದೆ, ಯಾವುದರ ಮೇಲೂ. ಹೌದು ಎಂದರೆ ಹೌದಾಗಿರಬೇಕು, ಇಲ್ಲ ಎಂದರೆ ಇಲ್ಲವಾಗಿರಬೇಕು, ಅಷ್ಟೇ. ನಾವು ಪಟ್ಟಣದ ಕ್ರೈಸ್ತರು ಇದನ್ನು ಯಾವತ್ತೋ ಮರೆತು, ತರಕಾರಿ ಚೌಕಾಸಿಗೂ ದೇವರಾಣೆ ಅನ್ನುತ್ತಿರುತ್ತೇವೆ. ಶಾಂತರಾಜ ಮರೆತಿರಲಿಲ್ಲ.

ಆ ಸಂಜೆ ನಾನು ಅಲ್ಲಿದ್ದದ್ದು ಲಸಿಕೆ ಹಾಕಲು. ಬೆಳಿಗ್ಗೆ ಬೇರೆ ಹಳ್ಳಿಯಲ್ಲಿ ತಡವಾಗಿ, ಮಂದೆ ಮೇದು ಬರುವ ಹೊತ್ತಿಗೆ ಬಂದಿದ್ದೆ. ಊರ ಪಕ್ಕದಲ್ಲಿ ಮುಳ್ಳುಬೇಲಿ ಹಾಕಿದ ಕುರಿರೊಪ್ಪ, ಅದರ ಮುಂದೆ ಬಯಲು. ಬಯಲಿನಲ್ಲಿ ಜನ ಸೇರಿದ್ದರು. ವಿಷಯ ತಿಳಿದು, ಇವತ್ತು ಸೂಜಿ ಹಿಡಿಯುವ ದಿನವಲ್ಲ ಎಂದುಕೊಂಡು ಲಸಿಕೆಯ ಡಬ್ಬಿ ಇಟ್ಟು ರೊಪ್ಪದ ಬಾಗಿಲಲ್ಲೇ ನಿಂತೆ.

ಸಂಜೆ ಹೊತ್ತು ಕುರಿರೊಪ್ಪದ ಹತ್ತಿರ ನಿಂತವರಿಗೆ ಗೊತ್ತಿರುತ್ತದೆ. ಇಡೀ ದಿನ ಮನೆಯಲ್ಲಿ ಕೂಡಿಹಾಕಿದ್ದ ಮರಿಗಳನ್ನು ಆಗ ತಾಯಿಕುರಿಗಳ ಹತ್ತಿರ ಬಿಡುತ್ತಾರೆ. ಮರಿಗಳು ತಾಯಿಯನ್ನು ಹುಡುಕಿ ಅರಚುತ್ತವೆ, ತಾಯಿಗಳು ಮರಿಯನ್ನು ಕರೆಯುತ್ತವೆ. ಪಕ್ಕದಲ್ಲಿದ್ದವರ ಮಾತು ಕೇಳಬೇಕಾದರೂ ಕಿವಿಯ ಹತ್ತಿರ ಬಾಯಿಡಬೇಕು. ಆವತ್ತೂ ಹಾಗೇ ಇತ್ತು. ಹನುಮಂತಪ್ಪ ಗಟ್ಟಿಯಾಗಿ ಮಾತಾಡಿದ್ದರಿಂದ ನನಗೆ ಕೇಳಿಸಿತು.

"ನೋಡು ಶಾಂತ, ನಿನ್ನ ಕಳ್ಳ ಅಂತ ನಾನು ಅಂತಿಲ್ಲ. ನನ್ನ ಸ್ವಂತ ತಮ್ಮನ ಕೈಲೂ ಕರ್ಪೂರ ಆರ್ಸಿದೀನಿ. ಆರ್ಸ್ಬುಡು, ನಾಳೆಯಿಂದ ಮಂದೆ ನಿಂದೇ. ಇಲ್ಲ ಅಂದ್ರೆ ಯಾರ ಮನೆ ಕುರೀನೂ ನಿನ್ನ ಹಿಂದೆ ಬರಲ್ಲ."

"ನಾನು ತಗಂಡಿಲ್ಲ ಕಣಣ್ಣ. ಇಲ್ಲ ಅಂದ್ರೆ ಇಲ್ಲ. ಅದರ ಮೇಲೆ ಆಣೆ ಮಾಡಕ್ಕಾಗಲ್ಲ."

"ಹೋಗ್ಲಿ, ನಿಮ್ಮ ದೇವ್ರ ಮೇಲೇ ಆಣೆ ಮಾಡು. ಅದಕ್ಕೂ ನಂದು ಒಪ್ಗೆ ಐತೆ."

"ಅದೂ ಆಗಲ್ಲಣ್ಣ."

ಇಲ್ಲಿ ಜನಕ್ಕೆ ಸಿಟ್ಟು ಬಂತು. ಬರದೆ ಇನ್ನೇನು. ತನ್ನ ದೇವರ ಮೇಲೂ ಆಣೆ ಮಾಡದವನು ಕಳ್ಳನಲ್ಲದೆ ಮತ್ತೇನು ಎಂದು ಅವರ ಎಣಿಕೆ. ಸುಗುಣಮ್ಮ ಗುಂಪಿನೊಳಗಿಂದ ಬಂದು ಗಂಡನ ತೋಳು ಹಿಡಿದು, "ಮಕ್ಕಳ ಮಕ ನೋಡು. ಆರ್ಸ್ಬುಡು. ದೇವ್ರಿಗೆ ನಮ್ಮ ಕಷ್ಟ ಗೊತ್ತಾಗಲ್ವಾ, ಆಮೇಲೆ ಬೇಡ್ಕಂಡ್ರಾಯ್ತು" ಎಂದು ಅತ್ತಳು. ಬೇರೆಯವರ ಮಾತಿಗೆ ಜಗ್ಗದಿದ್ದವನು ಆಗ ಕುಗ್ಗಿಹೋದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಕರ್ಪೂರ ಹಚ್ಚಿದರು. ಸುಗುಣಮ್ಮ ಹಿಂದೆ ಸರಿದು ಹೆಂಗಸರ ಜೊತೆ ನಿಂತಳು. ಕಲ್ಲಿನ ಮುಂದೆ ಅವನೊಬ್ಬನೇ ಕುಕ್ಕರಗಾಲಿನಲ್ಲಿ ಕೂತಿದ್ದ. ಎಲ್ಲರೂ ಸುತ್ತ ಜಾಗ ಬಿಟ್ಟು ನಿಂತಿದ್ದರು. ಅವನ ಬಲಗೈ ನಿಧಾನಕ್ಕೆ ಮುಂದೆ ಬಂತು. ಇನ್ನೇನು ಉರಿಯ ಮೇಲೆ ಬೀಳಬೇಕು, ಅಲ್ಲೇ ನಿಂತಿತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ರೊಪ್ಪದ ಸದ್ದು ನಿಂತುಹೋಯಿತು.

ಕಡಿಮೆಯಾಯಿತು ಎಂದಲ್ಲ, ನಿಂತಿತು. ಕರೆಂಟು ಹೋದಾಗ ಹಿಟ್ಟಿನ ಗಿರಣಿಯ ಸದ್ದು ನಿಲ್ಲುವುದಿಲ್ಲವೇ, ಹಾಗೆ. ನಾನು ಬಾಗಿಲಲ್ಲೇ ಇದ್ದೆನಲ್ಲ, ತಿರುಗಿ ನೋಡಿದೆ. ಅಷ್ಟೂ ಕುರಿಗಳು ತಲೆಯೆತ್ತಿ ನಿಂತಿದ್ದವು. ಹಾಲು ಕುಡಿಯುತ್ತಿದ್ದ ಮರಿಗಳು ಕೆಚ್ಚಲು ಬಿಟ್ಟು ನಿಂತಿದ್ದವು. ಕೊರಳಿನ ಗಂಟೆಗಳೂ ಅಲ್ಲಾಡುತ್ತಿರಲಿಲ್ಲ. ಜನವೂ ಬಾಯಿ ಮುಚ್ಚಿದ್ದರು.

ಆ ನಿಶ್ಶಬ್ದದಲ್ಲಿ ದೂರದಿಂದ, ಗುಡ್ಡದ ಆಚೆ ಕಡೆಯಿಂದ, ಒಂದು ಟಗರು ಕೂಗಿದ್ದು ಕೇಳಿಸಿತು. ಮತ್ತೊಂದು ಸಲ ಕೂಗಿತು.

ಹನುಮಂತಪ್ಪ ಮೆಲ್ಲಗೆ, "ನಮ್ದು ಕಣ್ರಲಾ ಅದು" ಅಂದರು. ಅಂದದ್ದೇ ತಡ, ರೊಪ್ಪದಲ್ಲಿ ಒಂದು ಮರಿ ಅರಚಿತು, ಹಿಂದೆಯೇ ಎಲ್ಲವೂ ಶುರುಮಾಡಿದವು. ಮೊದಲಿನದೇ ಗದ್ದಲ. ಗಂಡಸರು ಬ್ಯಾಟರಿ ಹಿಡಿದು ಗುಡ್ಡದ ಕಡೆ ಓಡಿದರು. ಅವರ ಮುಂದೆ ಶಾಂತರಾಜ ಓಡುತ್ತಿದ್ದ. ಕಲ್ಲಿನ ಮೇಲೆ ಕರ್ಪೂರ ಯಾರೂ ಆರಿಸದೆ ತಾನೇ ಉರಿದು ಮುಗಿಯಿತು. ನೋಡಿದವಳು ನಾನೊಬ್ಬಳೇ ಇರಬೇಕು.

ಟಗರು ಸಿಕ್ಕಿದ್ದು ಗುಡ್ಡದ ಹಿಂದಿನ ಒಂದು ಹಾಳು ಬಾವಿಯಲ್ಲಿ. ನೀರು ಬತ್ತಿ, ಬಾಯಿಗೆಲ್ಲ ಲಂಟಾನ ಬೆಳೆದುಕೊಂಡಿದ್ದ ಬಾವಿ. ಮೇಯುತ್ತಾ ಹೋಗಿ ಜಾರಿ ಬಿದ್ದಿತ್ತು. ಹಗ್ಗ ಕಟ್ಟಿ ಎತ್ತಿಕೊಂಡು ಬಂದರು. ಮುಂಗಾಲು ಮುರಿದಿತ್ತು, ನಾನೇ ಬಿದಿರಿನ ದಬ್ಬೆ ಕಟ್ಟಿದೆ. ಊನವಾದ ಪ್ರಾಣಿ ಹರಕೆಗೆ ಬರುವುದಿಲ್ಲವಂತೆ. ಹನುಮಂತಪ್ಪ ಬೇರೆ ಟಗರು ಕೊಟ್ಟು ಹರಕೆ ತೀರಿಸಿದರು. ಇದು ಕುಂಟುತ್ತಾ ಶಾಂತರಾಜನ ಮಂದೆಯಲ್ಲೇ ಉಳಿದು ಚೆನ್ನಾಗಿ ಕೊಬ್ಬಿತು.

ಆಮೇಲೆ ನಾನು ಸುಮ್ಮನಿರಲಿಲ್ಲ. ಚಿರತೆ ಹತ್ತಿರ ಬಂದರೆ ಕುರಿಗಳು ಸದ್ದಡಗಿ ನಿಲ್ಲುವುದುಂಟು. ಆದರೆ ಚಿರತೆ ಬಂದಿದ್ದರೆ ನಾಯಿಗಳು ಊರು ಎಬ್ಬಿಸುತ್ತಿದ್ದವು. ಆವತ್ತು ನಾಯಿಗಳು ಬೇಲಿಯ ಬುಡದಲ್ಲಿ ಮೂತಿ ಚಾಚಿ ಮಲಗಿದ್ದವು. ಇನ್ನೊಂದು ದಿನ, ಮಂದೆ ಮೇಯಲು ಹೋಗಿ ರೊಪ್ಪ ಖಾಲಿಯಿದ್ದಾಗ, ಸುಗುಣಮ್ಮನನ್ನು ಆ ಬಾವಿಯ ಹತ್ತಿರ ಕಳಿಸಿ, ನಾನು ರೊಪ್ಪದಲ್ಲಿ ನಿಂತು, ಜೋರಾಗಿ ಕೂಗು ಎಂದು ಫೋನಿನಲ್ಲಿ ಹೇಳಿದೆ. ಅವಳ ಕೂಗು ಫೋನಿನಲ್ಲಿ ಕೇಳಿಸಿತೇ ಹೊರತು ಬಯಲಿನಲ್ಲಿ ಕೇಳಿಸಲಿಲ್ಲ. ನಮ್ಮ ಮೇಲಧಿಕಾರಿಗಳನ್ನು ಕೇಳಿದೆ. ಗಾಳಿ ಆ ಕಡೆಯಿಂದ ಬೀಸಿರುತ್ತದೆ, ಪ್ರಾಣಿಗಳು ಒಮ್ಮೊಮ್ಮೆ ಹಾಗೆ ಮಾಡುತ್ತವೆ ಎಂದು ನಕ್ಕರು. ಇರಬಹುದು. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ರೊಪ್ಪಗಳ ಮುಂದೆ ಸಂಜೆ ಕಳೆದಿದ್ದೇನೆ, ಆ ಒಮ್ಮೊಮ್ಮೆ ನನಗೆ ಮತ್ತೆ ಸಿಕ್ಕಿಲ್ಲ.

ಊರು ಬದಲಾಯಿತು ಎಂದು ಹೇಳಿದರೆ ಜಾಸ್ತಿಯಾಗುತ್ತದೆ. ಭಾನುವಾರ ಶಾಂತರಾಜನ ಶೀಟಿನ ಮನೆಯಲ್ಲಿ ಪ್ರಾರ್ಥನೆಗೆ ಸೇರುವವರು ಮೊದಲಿನಷ್ಟೇ ಜನ. ಆದರೆ ಮಂದೆ ಅವನ ಕೈಬಿಡಲಿಲ್ಲ. ಅವನ ತಮ್ಮನೊಬ್ಬ ತನ್ನ ಮಗಳ ಮದುವೆಗೆ ಕರೆದ, ಸುಗುಣಮ್ಮ ಹೊಸ ಸೀರೆ ಉಟ್ಟು ಹೋಗಿಬಂದಳು. ಇನ್ನೊಂದು ಸಲ ಹೊಲದ ಬದುವಿನ ಜಗಳದಲ್ಲಿ ಕಣ್ಣಾರೆ ಕಂಡವನೆಂದು ಶಾಂತರಾಜನನ್ನು ಕರೆಸಿದ್ದರಂತೆ. ಯಾರೋ ಅಭ್ಯಾಸಬಲದಿಂದ ಕರ್ಪೂರ ತೆಗೆದಾಗ ಹನುಮಂತಪ್ಪನವರು, "ಅವನಿಗೆ ಅದೆಲ್ಲ ಬ್ಯಾಡ ಬುಡ್ರಲಾ. ಬಾಯಲ್ಲಿ ಹೇಳಿದ್ರೆ ಸಾಕು" ಅಂದರಂತೆ. ಇದನ್ನು ಕೇಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇಷ್ಟೇ ಆಗಿದ್ದರೆ ಗಾಳಿಯ ಲೆಕ್ಕಕ್ಕೆ ಹಾಕಿ ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಕೊರಟಗೆರೆಗೆ ವರ್ಗವಾಗಿ ಹೊರಡುವ ಮುಂಚೆ ಹೇಳಿಹೋಗಲು ಅವರ ಊರಿಗೆ ಹೋಗಿದ್ದೆ. ಶಾಂತರಾಜ ಮಂದೆ ಹೊಡೆದುಕೊಂಡು ದಾರಿಯಲ್ಲೇ ಸಿಕ್ಕ. ಅದೂ ಇದೂ ಮಾತಾಡಿದ ಮೇಲೆ ತಲೆ ತಗ್ಗಿಸಿಕೊಂಡು ಹೇಳಿದ.

"ಡಾಕ್ಟ್ರಮ್ಮ, ಒಂದು ಮಾತು ಹೇಳ್ಬೇಕು ಅಂತ ಇದ್ದೆ. ಆವತ್ತು ನೀವು ಬಂದು ಕೈ ಹಿಡ್ಕಳ್ದೆ ಹೋಗಿದ್ರೆ ನಾನು ಆರ್ಸ್ಬುಡ್ತಿದ್ದೆ. ನಂದು ಶಕ್ತಿ ಎಲ್ಲ ಮುಗಿದೋಗಿತ್ತು. ತಿರುಗಿ ನೋಡಕ್ಕೂ ಧೈರ್ಯ ಬರ್ಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಯಾವ ಕೈ ಎಂದು ಕೇಳಿದೆ. ಅವನು ಬಲಗೈಯ ಮಣಿಕಟ್ಟು ತೋರಿಸಿದ. ಯಾರೋ ಹಿಂದಿನಿಂದ ಬಂದು ಗಟ್ಟಿಯಾಗಿ ಹಿಡಿದುಕೊಂಡರಂತೆ. ಆರಿಸು ಎಂದು ಅತ್ತ ಹೆಂಡತಿಯನ್ನು ಬಿಟ್ಟರೆ ಆ ಜನದಲ್ಲಿ ತನ್ನ ಹಾಗೆ ಪ್ರಾರ್ಥನೆ ಮಾಡುವವಳು ನಾನೊಬ್ಬಳೇ ಅಲ್ಲವೇ, ಇನ್ಯಾರು ಹಿಡಿಯುತ್ತಾರೆ ಎಂದುಕೊಂಡನಂತೆ.

ನಾನು ಬಯಲಿನ ಈ ತುದಿಯಲ್ಲಿ, ರೊಪ್ಪದ ಬಾಗಿಲಲ್ಲಿದ್ದೆ. ಅವನ ಹತ್ತಿರ ಯಾರೂ ಇರಲಿಲ್ಲ, ಅದನ್ನು ನಾನೇ ನೋಡಿದ್ದೇನೆ. ಸಾಲದ್ದಕ್ಕೆ, ಆ ಕೈ ಉರಿಯ ಕಡೆ ಹೋಗುತ್ತಿದ್ದಾಗ ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದದ್ದು, ಬೇಗ ಆರಿಸಿಬಿಡಪ್ಪ, ಮನೆಮಂದಿ ಉಳಿದುಕೊಳ್ಳಲಿ ಎಂದು.

ಅದೆಲ್ಲ ಅವನಿಗೆ ಹೇಗೆ ಹೇಳಲಿ. "ನಾನಲ್ಲ ಶಾಂತರಾಜ, ನಾನು ನಿನ್ನ ಹತ್ತಿರ ಬರಲೇ ಇಲ್ಲ" ಎಂದಷ್ಟೇ ಹೇಳಿದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿದ. ಹೆದರುತ್ತಾನೆ ಎಂದುಕೊಂಡಿದ್ದೆ. ಅವನ ಮುಖವೆಲ್ಲ ಅರಳಿತು.

"ಅಂಗಾದ್ರೆ ಇನ್ನೂ ಒಳ್ಳೇದಾಯ್ತು ಬುಡಿ" ಎಂದು ಹೇಳಿ, ಕುರಿಗಳನ್ನು ಹೊಡೆದುಕೊಂಡು ಹೊರಟುಹೋದ.