ಐದನೇ ಅಂಕಿ

ಕಾಂಪಾರ್ ಪೇಟೆಯಲ್ಲಿ ಫೂಂಗ್ ಚಿಕ್ಕಮ್ಮನ ಕಡಲೆಕಾಯಿ ಬಿಸ್ಕತ್ತು ತಿನ್ನದೆ ಚೀನೀ ಹೊಸವರ್ಷ ಮುಗಿಸಿದವರಿಲ್ಲ. ತವರದ ಗಣಿ ಮುಚ್ಚಿ ಗಂಡ ಮನೆಯಲ್ಲಿ ಕೂತಾಗ ಹಿತ್ತಲಲ್ಲಿ ಹಚ್ಚಿದ ಒಲೆ ಅದು. ಈಗ ಗಂಡನಿಲ್ಲ, ಒಲೆ ಇದೆ. ತಕ್ಕಡಿಯಿಲ್ಲ, ಅಳತೆಯ ಲೋಟವಿಲ್ಲ. ಅರವತ್ತೆಂಟರಲ್ಲೂ ಎಲ್ಲ ಕಣ್ಣಳತೆ.

ಹೋದ ವರ್ಷ ಇಪೋ ನಗರದ ದೊಡ್ಡ ಅಂಗಡಿಯೊಂದು ಅವಳ ಡಬ್ಬಗಳಿಗೆ ಜಾಗ ಕೊಡಲು ಒಪ್ಪಿತು. ಬಾರ್‌ಕೋಡ್ ಮಾತ್ರ ಬೇಕೇ ಬೇಕು. ಚಿಕ್ಕಮ್ಮ ನೋಂದಾಯಿಸಿ, ಸಿಕ್ಕ ಹದಿಮೂರು ಅಂಕಿಗಳನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು ನನ್ನಲ್ಲಿಗೆ ಬಂದಳು. ನನ್ನದು ಜೆರಾಕ್ಸ್ ಮತ್ತು ಮದುವೆ ಕಾರ್ಡಿನ ಅಂಗಡಿ. ಬೋರ್ಡಿನಲ್ಲಿ ‘ಬಾರ್‌ಕೋಡ್ ತಜ್ಞ’ ಎಂದೂ ಇದೆ. ಆ ತಜ್ಞತನ ಎರಡು ದಿನದ ತರಬೇತಿಯದು. ಎರಡನೆಯ ದಿನ ಊಟ ಮುಗಿಸಿ ಎದ್ದು ಬಂದಿದ್ದೆ.

“ಕ್ಯೋಂಗ್, ನೋಡ್ಕೊಂಡು ಹಾಕಪ್ಪ. ಮೂರು ಸಲ ತಾಳೆ ನೋಡಿ ಬರ್ದಿದ್ದೀನಿ.”

“ಚಿಕ್ಕಮ್ಮಾ, ಇದು ಹಿಟ್ಟು ಕಲಸೋ ಕೆಲ್ಸ ಅಲ್ಲ. ಈ ಗೆರೆಗಳಲ್ಲಿರೋದು ನಂಬರು. ನಿಮ್ಮ ಮಾಲಿಗೆ ಇದೇ ಮನೆ ನಂಬರ್ ಇದ್ದ ಹಾಗೆ.”

“ಇರ್ಲಿ ಕಣೋ. ಅಷ್ಟು ತಿಳಿದೋನು ತಪ್ಪು ಮಾಡ್ಬೇಡ.”

ಅವಳು ಹೋದ ಮೇಲೆ ನೋಡಿದೆ: ಐದನೇ ಅಂಕಿ ನಾಲ್ಕು! ನಮ್ಮ ಚೀನೀ ಮಾತಿನಲ್ಲಿ ‘ನಾಲ್ಕು’ ಎಂದರೆ ‘ಸಾವು’ ಎಂದಂತೆ ಕೇಳಿಸುತ್ತದೆ. ನಮ್ಮಲ್ಲಿ ಲಿಫ್ಟುಗಳು ಕೂಡ ನಾಲ್ಕನೇ ಮಹಡಿಗೆ ಬೇರೆ ಹೆಸರಿಟ್ಟುಕೊಳ್ಳುತ್ತವೆ. ಹೊಸವರ್ಷದ ಡಬ್ಬದ ಮೇಲೆ ಈ ಅಪಶಕುನವೇ? ಯಾರನ್ನೂ ಕೇಳದೆ ನಾಲ್ಕನ್ನು ಅಳಿಸಿ, ಐಶ್ವರ್ಯ ತರುವ ಎಂಟು ಮಾಡಿದೆ. ಕೊನೆಯ ಅಂಕಿ ನಮ್ಮ ಕೈಲಿಲ್ಲ. ಉಳಿದ ಹನ್ನೆರಡರಿಂದ ಲೆಕ್ಕ ಹಾಕಿ ಕಂಪ್ಯೂಟರೇ ಇಡುತ್ತದೆ. ಎರಡು ಇದ್ದದ್ದು ಅದೂ ಎಂಟಾಯಿತು. ದೇವರೇ ಒಪ್ಪಿದ ಎಂದುಕೊಂಡು ಐದುನೂರು ಡಬ್ಬಕ್ಕೆ ಐದುನೂರು ಚೀಟಿ ಮುದ್ರಿಸಿದೆ. ಮನೆ ನಂಬರ್ ತಿದ್ದಿದರೆ ಅದು ಬೇರೆಯವರ ಮನೆಯಾಗುತ್ತದೆಂಬುದು ನನ್ನದೇ ಪಾಠದಲ್ಲಿತ್ತು. ಪಾಠ ಹೇಳುವ ಭರದಲ್ಲಿ ನಾನೇ ಕೇಳಿಸಿಕೊಂಡಿರಲಿಲ್ಲ.

ಇಪೋಗೆ ಒಳ್ಳೆಯ ಅಂಗಿ ತೊಟ್ಟು ನಾನೂ ಹೋದೆ. ಕೌಂಟರಿನ ಹುಡುಗಿ ಡಬ್ಬವನ್ನು ಯಂತ್ರಕ್ಕೆ ತೋರಿಸಿದಳು. ‘ಬೀಪ್’ ಎಂದಿತು. ಪರದೆಯ ಮೇಲೆ ಬಂದದ್ದು: ಬೆಕ್ಕಿನ ಆಹಾರ, ಟ್ಯೂನಾ.

“ಆಂಟಿ, ಈ ಸಲ ಬೆಕ್ಕಿಗೂ ಹೊಸವರ್ಷಾನಾ?” ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಮ್ಯಾನೇಜರ್ ರಝ್ಲಾನ್ ನಗಲಿಲ್ಲ. “ನಂಬರ್ ಬರ್ಕೊಳ್ಳೋವಾಗ ತಪ್ಪಿರ್ಬೇಕು. ವಾರದೊಳಗೆ ಸರಿ ಮಾಡ್ಕೊಂಡು ಬನ್ನಿ, ಜಾಗ ಇಟ್ಟಿರ್ತೀನಿ.”

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಛಾವಣಿಯ ಫ್ಯಾನು ನೋಡುತ್ತಿದ್ದೆ.

“ನಂದೇ ತಪ್ಪು,” ಎಂದಳು. “ಕಣ್ಣು ಹೋಯ್ತು.” ವಾಪಸು ಬರುವಾಗ ವ್ಯಾನಿನಲ್ಲಿ ನನಗೇ ಸಮಾಧಾನ ಹೇಳಿದಳು: “ನಿನ್ನ ಹೆಸರೂ ಕೆಡಿಸ್ದೆ ಕಣೋ.” ಆಗಲಾದರೂ ಬಾಯಿ ಬಿಡಬಹುದಿತ್ತು. ಗೇರ್ ಬದಲಿಸಿದೆ.

ಗುಟ್ಟಾಗಿ ಸರಿಯಾದ ಚೀಟಿ ಮುದ್ರಿಸಿ ಮೂರನೇ ದಿನ ಅವಳ ಮನೆಗೆ ಒಯ್ದೆ. ಒಲೆ ತಣ್ಣಗಿತ್ತು. ಮೇಜಿನ ಮೇಲೆ ಹೊಸ ತಕ್ಕಡಿ. ಅದರ ಮುಳ್ಳಿಗೆ ಮೂಗು ತಾಗುವಷ್ಟು ಬಗ್ಗಿ ಸಕ್ಕರೆ ತೂಗುತ್ತಿದ್ದಳು. ಒಂದು ಸಲ ತೂಗಿದ್ದನ್ನೇ ಮತ್ತೊಂದು ಸಲ.

“ರಝ್ಲಾನ್‌ಗೆ ಬೇಡ ಅಂತ ಹೇಳ್ಬಿಡ್ತೀನಿ. ಹದಿಮೂರು ಅಂಕಿ ಕಾಣದ ಕಣ್ಣಿಗೆ ಉಪ್ಪು ಯಾವ್ದು, ಸಕ್ಕರೆ ಯಾವ್ದು? ಇನ್ನು ಸಾಕು.”

ಕೈಯಲ್ಲಿದ್ದ ಚೀಟಿಗಳ ಸುರುಳಿ ಭಾರವಾಯಿತು. ಜೇಬಿನಿಂದ ಅವಳದೇ ಕ್ಯಾಲೆಂಡರ್ ಹಾಳೆ ತೆಗೆದುಕೊಟ್ಟೆ. “ನೀವು ಸರಿಯಾಗೇ ಬರ್ದಿದ್ರಿ. ನಾನೇ ನಾಲ್ಕನ್ನ ಎಂಟು ಮಾಡ್ದೆ. ಶುಭ ಆಗ್ಲಿ ಅಂತ…”

ಹಾಳೆಯನ್ನು ದೂರ ಹಿಡಿದು ನೋಡಿದಳು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದಳು.

“ಮೂರು ದಿನ ಕಣೋ. ಮೂರು ದಿನ ಕುರುಡಿ ಅಂದ್ಕೊಂಡು ಕೂತಿದ್ದೆ.”

ಸುರುಳಿಯನ್ನು ಮೇಜಿನ ಮೇಲಿಟ್ಟೆ.

“ಹೊರಗೆ ಹೋಗಿ ಬಾಗಿಲ ಮೇಲೆ ಏನಿದೆ ಓದ್ಕೊಂಡು ಬಾ.”

ಹೋದೆ. ಹುಟ್ಟಿದಾಗಿನಿಂದ ನಾನು ದಾಟಿದ ಬಾಗಿಲು ಅದು. ಮೇಲೆ ಕೆಂಪು ಬಣ್ಣದಲ್ಲಿ ಮನೆ ನಂಬರ್: ನಲವತ್ತನಾಲ್ಕು.

ಒಳಗೆ ಬಂದಾಗ ತಕ್ಕಡಿ ಮೇಜಿನ ಕೆಳಗೆ ಹೋಗಿತ್ತು. ಚಿಕ್ಕಮ್ಮ ಸಕ್ಕರೆಯನ್ನು ಬೊಗಸೆಯಲ್ಲಿ ಸುರಿಯುತ್ತಿದ್ದಳು.

“ಕೂತ್ಕೋ ತಜ್ಞ. ಹಳೇದು ಕಿತ್ತು ಹೊಸದು ಅಂಟಿಸು. ಒಂದೊಂದು ಡಬ್ಬಕ್ಕೂ ಐದನೇ ಅಂಕಿ ಓದು.”

“ನಾಲ್ಕು,” ಎಂದೆ.

“ಜೋರಾಗಿ. ನನ್ನ ಕಿವಿನೂ ನೆಟ್ಟಗಿದೆ, ನಿನ್ನ ಬಾಯೇ ಏಳ್ತಿಲ್ಲ.”

“ನಾಲ್ಕು!”

ಇನ್ನೂ ನಾನೂರ ತೊಂಬತ್ತೊಂಬತ್ತು ಡಬ್ಬ ಇದ್ದವು.